ಮುದ್ರಣಾಲಯದಲ್ಲಿ ಹುಟ್ಟಿದ ಧರ್ಮಗ್ರಂಥ

1830ರ ಮಾರ್ಚ್ 26ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬ ಸಣ್ಣ ಊರಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ಊರಿನ ಪುಸ್ತಕದಂಗಡಿಯಲ್ಲಿ ಹೊಸದೊಂದು ಪುಸ್ತಕ ಮಾರಾಟಕ್ಕಿದೆ ಎಂಬುದೇ ಅದರ ಒಕ್ಕಣೆ. ಪುಸ್ತಕದ ಹೆಸರು ‘ಬುಕ್ ಆಫ್ ಮಾರ್ಮನ್’. ಸುಮಾರು 590 ಪುಟ. ಅಚ್ಚಾದದ್ದು 5000 ಪ್ರತಿ. ಮುದ್ರಿಸಿದವನು ಅದೇ ಪತ್ರಿಕೆಯ ಪ್ರಕಾಶಕ ಇ. ಬಿ. ಗ್ರ್ಯಾಂಡಿನ್. 3000 ಡಾಲರಿನ ಮುದ್ರಣ ವೆಚ್ಚಕ್ಕೆ ಹೊಣೆಯಾಗಿ ತನ್ನ ಜಮೀನು ಅಡವಿಟ್ಟವನು ಮಾರ್ಟಿನ್ ಹ್ಯಾರಿಸ್ ಎಂಬ ಅನುಕೂಲಸ್ಥ ರೈತ. ಹೆಂಡತಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಪುಸ್ತಕ ನಿರೀಕ್ಷಿಸಿದಂತೆ ಮಾರಾಟವಾಗಲಿಲ್ಲ. ಮರುವರ್ಷ ಹ್ಯಾರಿಸ್ ತನ್ನ ಜಮೀನಿನ ಒಂದು ಭಾಗವನ್ನು ಮಾರಿ ಸಾಲ ತೀರಿಸಬೇಕಾಯಿತು.

ಹೀಗೆ ಸಾಲ, ಅಡಮಾನ, ಜಾಹೀರಾತುಗಳ ನಡುವೆ ಹೊರಬಂದ ಆ ಪುಸ್ತಕವನ್ನು ಇಂದು ಕೋಟಿಗೂ ಹೆಚ್ಚು ಜನ ದೇವರ ವಾಕ್ಯವೆಂದು ನಂಬುತ್ತಾರೆ. ಜಗತ್ತಿನ ಹೆಚ್ಚಿನ ಧರ್ಮಗಳ ಹುಟ್ಟು ಕಾಲದ ಮಂಜಿನಲ್ಲಿ ಮುಚ್ಚಿಹೋಗಿದೆ. ಅಲ್ಲಿ ಪುರಾಣವೆಷ್ಟು, ಚರಿತ್ರೆಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಮಾರ್ಮನ್ ಧರ್ಮ ಹುಟ್ಟಿದ್ದು ಪತ್ರಿಕೆಗಳು, ನ್ಯಾಯಾಲಯದ ದಾಖಲೆಗಳು, ದಿನಚರಿಗಳು ಇದ್ದ ಕಾಲದಲ್ಲಿ. ಅದರ ಪ್ರವಾದಿಯ ಬದುಕಿನ ಬಗ್ಗೆ ಭಕ್ತರೂ ಬರೆದಿಟ್ಟಿದ್ದಾರೆ, ಶತ್ರುಗಳೂ ಬರೆದಿಟ್ಟಿದ್ದಾರೆ. ಹಗಲು ಬೆಳಕಿನಲ್ಲಿ ಹುಟ್ಟಿದ ಧರ್ಮವೊಂದು ತನ್ನದೇ ಚರಿತ್ರೆಯನ್ನು ಹೇಗೆ ಎದುರಿಸುತ್ತದೆ? ಮಾರ್ಮನ್ನರನ್ನು ಅರಿಯಬೇಕಾದರೆ ಈ ಪ್ರಶ್ನೆಯಿಂದಲೇ ಹೊರಡಬೇಕು.

ಮೊದಲಿಗೆ ಹೆಸರಿನ ವಿಚಾರ. ‘ಮಾರ್ಮನ್’ ಎಂಬುದು ಹೊರಗಿನವರು ಇಟ್ಟ ಅಡ್ಡಹೆಸರು. ಇವರ ಸಂಸ್ಥೆಯ ಅಧಿಕೃತ ಹೆಸರನ್ನು ಕನ್ನಡದಲ್ಲಿ ‘ಏಸು ಕ್ರಿಸ್ತನ ಅಂತಿಮ ದಿನಗಳ ಸಂತರ ಚರ್ಚು’ ಎನ್ನಬಹುದು. ಇಲ್ಲಿ ‘ಸಂತರು’ ಎಂದರೆ ಚರ್ಚಿನ ಸಾಮಾನ್ಯ ಸದಸ್ಯರೇ. ಬಹುಕಾಲ ಅಡ್ಡಹೆಸರನ್ನು ಸಹಿಸಿಕೊಂಡಿದ್ದ, ಕೆಲವೊಮ್ಮೆ ತಾನೇ ಬಳಸಿದ್ದ ಚರ್ಚು, 2018ರಲ್ಲಿ ಪೂರ್ಣ ಹೆಸರನ್ನೇ ಬಳಸಿರೆಂದು ಎಲ್ಲರನ್ನೂ ಕೇಳಿಕೊಂಡಿತು. ತನ್ನ ಜಗತ್ಪ್ರಸಿದ್ಧ ಗಾಯನವೃಂದದ ಹೆಸರಿನಿಂದಲೂ ‘ಮಾರ್ಮನ್’ ಪದವನ್ನು ಕೈಬಿಟ್ಟಿತು. ಓದುಗರಿಗೆ ಪರಿಚಿತವೆಂಬ ಒಂದೇ ಕಾರಣಕ್ಕೆ ಇಲ್ಲಿ ಹಳೆಯ ಹೆಸರನ್ನು ಬಳಸಲಾಗಿದೆ.

ರೈತನ ಮಗ ಪ್ರವಾದಿಯಾದದ್ದು

ಈ ಧರ್ಮದ ಸ್ಥಾಪಕ ಜೋಸೆಫ್ ಸ್ಮಿತ್ ಹುಟ್ಟಿದ್ದು 1805ರ ಡಿಸೆಂಬರ್ 23ರಂದು, ವರ್ಮಾಂಟ್ ರಾಜ್ಯದ ಶಾರನ್‌ನಲ್ಲಿ. ತಂದೆ ಬಡ ರೈತ. ಬೆಳೆ ಕೈಕೊಟ್ಟು, ಸಾಲ ಸೋಲ ಹೆಚ್ಚಿ ಕುಟುಂಬ ಪಾಲ್ಮೈರಾ ಕಡೆಗೆ ವಲಸೆ ಬಂತು. ಆಗ ಆ ಸೀಮೆಯಲ್ಲಿ ಕ್ರೈಸ್ತ ಪಂಥಗಳ ಭಾರಿ ಪೈಪೋಟಿ. ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು ಬಯಲಿನಲ್ಲಿ ಡೇರೆ ಹಾಕಿ ಸಭೆಗಳನ್ನು ನಡೆಸುತ್ತಿದ್ದರು. ಪ್ರತಿಯೊಬ್ಬರೂ ತಮ್ಮದೇ ಸತ್ಯಮಾರ್ಗ ಎನ್ನುತ್ತಿದ್ದರು. ಬಾಲಕ ಸ್ಮಿತ್‌ಗೆ ಗೊಂದಲವಾಯಿತು. ಇವರಲ್ಲಿ ಯಾರು ಸರಿ?

1820ರಲ್ಲಿ, 14ನೆಯ ವಯಸ್ಸಿನಲ್ಲಿ, ಮನೆಯ ಸಮೀಪದ ತೋಪಿನಲ್ಲಿ ಪ್ರಾರ್ಥಿಸುತ್ತಿದ್ದಾಗ ತಂದೆಯಾದ ದೇವರೂ ಏಸು ಕ್ರಿಸ್ತನೂ ತನಗೆ ದರ್ಶನವಿತ್ತರೆಂದು ಸ್ಮಿತ್ ಮುಂದೆ ಹೇಳಿಕೊಂಡ. ಯಾವ ಪಂಥವನ್ನೂ ಸೇರಬೇಡ, ಎಲ್ಲವೂ ದಾರಿ ತಪ್ಪಿವೆ ಎಂದು ಆಗ ತನಗೆ ತಿಳಿಸಲಾಯಿತು ಎಂದ. ಮಾರ್ಮನ್ನರು ‘ಮೊದಲ ದರ್ಶನ’ ಎನ್ನುವುದು ಇದನ್ನೇ. ಸ್ಮಿತ್ ಈ ಅನುಭವವನ್ನು 1832ರಿಂದ 1842ರ ನಡುವೆ ಹಲವು ಬಾರಿ ಬರೆದ, ಬರೆಸಿದ. ಆ ನಿರೂಪಣೆಗಳು ವಿವರಗಳಲ್ಲಿ ಒಂದರಂತೆ ಒಂದಿಲ್ಲ. ನೆನಪಿನ ಸಹಜ ವ್ಯತ್ಯಾಸ ಎಂದು ಭಕ್ತರು ಹೇಳುತ್ತಾರೆ. ಕಥೆ ಬೆಳೆಯುತ್ತ ಹೋದುದರ ಗುರುತು ಎಂಬುದು ಟೀಕಾಕಾರರ ಮಾತು.

1823ರ ಸೆಪ್ಟೆಂಬರಿನ ಒಂದು ರಾತ್ರಿ ಮೊರೊನೈ ಎಂಬ ದೇವದೂತ ಕಾಣಿಸಿಕೊಂಡು, ಹತ್ತಿರದ ಗುಡ್ಡದಲ್ಲಿ ಚಿನ್ನದ ತಗಡುಗಳ ಮೇಲೆ ಬರೆದ ಪುರಾತನ ಗ್ರಂಥವೊಂದು ಹೂತಿದೆ ಎಂದು ಹೇಳಿದನಂತೆ. ನಾಲ್ಕು ವರ್ಷ ಕಾದ ಮೇಲೆ, 1827ರ ಸೆಪ್ಟೆಂಬರ್ 22ರಂದು, ಆ ತಗಡುಗಳು ಕೈಸೇರಿದವೆಂದು ಸ್ಮಿತ್ ಹೇಳಿದ. ಈ ನಡುವೆ ಆತ ಒಂದು ವಿಶೇಷ ಕಲ್ಲನ್ನು ನೋಡಿ ನೆಲದೊಳಗಿನ ನಿಧಿಯನ್ನು ಗುರುತಿಸುವ ಕೆಲಸಕ್ಕೂ ಹೋಗುತ್ತಿದ್ದ. ಆ ಕಾರಣಕ್ಕೆ 1826ರಲ್ಲಿ ಆತನನ್ನು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿದ್ದೂ ಉಂಟು.

ಗ್ರಂಥದ ‘ಅನುವಾದ’ ನಡೆದ ಬಗೆಯೂ ವಿಚಿತ್ರವೇ. ತಗಡಿನ ಲಿಪಿ ‘ಸುಧಾರಿತ ಈಜಿಪ್ಷಿಯನ್’ ಎಂದು ಸ್ಮಿತ್ ಹೇಳಿದ. ಆತ ಟೋಪಿಯೊಳಗೆ ಕಲ್ಲನ್ನಿಟ್ಟು, ಅದರಲ್ಲಿ ಮುಖ ಹುದುಗಿಸಿ, ಕಂಡ ವಾಕ್ಯಗಳನ್ನು ಹೇಳುತ್ತಿದ್ದನೆಂದು ಹತ್ತಿರವಿದ್ದವರು ದಾಖಲಿಸಿದ್ದಾರೆ. ಹೆಂಡತಿ ಎಮ್ಮಾ, ಮಾರ್ಟಿನ್ ಹ್ಯಾರಿಸ್, ಬಳಿಕ ಆಲಿವರ್ ಕೌಡರಿ ಬರೆದುಕೊಂಡರು. ಮೊದಲ 116 ಪುಟಗಳನ್ನು ಹ್ಯಾರಿಸ್ ಹೆಂಡತಿಗೆ ತೋರಿಸಲೆಂದು ಮನೆಗೆ ಒಯ್ದ. ಅವು ಮತ್ತೆ ಸಿಗಲೇ ಇಲ್ಲ. 1829ರ ಏಪ್ರಿಲ್‌ನಲ್ಲಿ ಕೌಡರಿ ಬಂದ ಮೇಲೆ ಕೆಲಸ ಬಿರುಸಾಗಿ, ಗ್ರಂಥದ ಬಹುಭಾಗ ಮೂರು ತಿಂಗಳೊಳಗೆ ಮುಗಿಯಿತು. ಹೆಚ್ಚು ಶಾಲೆ ಕಲಿಯದ 23ರ ಯುವಕನಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಭಕ್ತರು ಇಂದಿಗೂ ಕೇಳುತ್ತಾರೆ.

ತಗಡುಗಳನ್ನು ದೇವದೂತ ಹಿಂದಕ್ಕೆ ಒಯ್ದನೆಂಬುದು ನಂಬಿಕೆ. ಅವನ್ನು ಕಂಡೆವೆಂದು 11 ಮಂದಿ ಸಾಕ್ಷಿ ಹೇಳಿದರು. ಅವರ ಹೇಳಿಕೆ ಗ್ರಂಥದಲ್ಲೇ ಅಚ್ಚಾಗಿದೆ. ಮುಖ್ಯ ಸಾಕ್ಷಿಗಳಾದ ಹ್ಯಾರಿಸ್, ಕೌಡರಿ, ಡೇವಿಡ್ ವಿಟ್ಮರ್ ಮೂವರೂ ಮುಂದೆ ಸ್ಮಿತ್ ಜೊತೆ ಜಗಳವಾಡಿ ಚರ್ಚಿನಿಂದ ದೂರವಾದರು. ಆದರೂ ಆ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ಹ್ಯಾರಿಸ್ ಮತ್ತು ಕೌಡರಿ ಕಡೆಗಾಲದಲ್ಲಿ ಮರಳಿ ಬಂದರು. ಗ್ರಂಥ ಹೊರಬಂದ ಕೆಲವೇ ದಿನಗಳಲ್ಲಿ, 1830ರ ಏಪ್ರಿಲ್ 6ರಂದು, ಚರ್ಚು ವಿಧ್ಯುಕ್ತವಾಗಿ ಸ್ಥಾಪನೆಯಾಯಿತು.

ಗ್ರಂಥ ಏನು ಹೇಳುತ್ತದೆ?

ಕ್ರಿ.ಪೂ. 600ರ ಸುಮಾರಿಗೆ ಲೀಹೈ ಎಂಬ ಪ್ರವಾದಿ, ಜೆರುಸಲೇಂ ನಾಶವಾಗಲಿದೆ ಎಂದು ತಿಳಿದು ಕುಟುಂಬದೊಡನೆ ಹೊರಟು, ಹಡಗು ಕಟ್ಟಿ ಅಮೆರಿಕ ಖಂಡವನ್ನು ಸೇರುತ್ತಾನೆ. ಅವನ ಮಕ್ಕಳಲ್ಲಿ ನೀಫೈ ಮತ್ತು ಲೇಮನ್ ನಡುವೆ ಒಡಕು ಹುಟ್ಟಿ ಎರಡು ಜನಾಂಗಗಳಾಗುತ್ತವೆ. ದಾಯಾದಿಗಳ ಈ ಕಲಹ ಸಾವಿರ ವರ್ಷ ನಡೆಯುತ್ತದೆ. ನಡುವೆ, ಜೆರುಸಲೇಮಿನಲ್ಲಿ ಶಿಲುಬೆಯೇರಿ ಪುನರುತ್ಥಾನಗೊಂಡ ಏಸು ಕ್ರಿಸ್ತ ಅಮೆರಿಕಕ್ಕೂ ಬಂದು ಬೋಧಿಸುತ್ತಾನೆ. ಸ್ವಲ್ಪ ಕಾಲ ಶಾಂತಿ ನೆಲೆಸಿ, ಮತ್ತೆ ಯುದ್ಧ ಶುರುವಾಗುತ್ತದೆ. ಕ್ರಿ.ಶ. 400ರ ಹೊತ್ತಿಗೆ ನೀಫೈ ಸಂತತಿ ನಿರ್ನಾಮವಾಗುತ್ತದೆ. ಆ ಜನಾಂಗದ ಸೇನಾನಿಯೂ ಪ್ರವಾದಿಯೂ ಆದ ಮಾರ್ಮನ್ ಎಲ್ಲ ಚರಿತ್ರೆಯನ್ನೂ ಸಂಗ್ರಹಿಸಿ ತಗಡುಗಳ ಮೇಲೆ ಬರೆಯುತ್ತಾನೆ. ಮಗ ಮೊರೊನೈ ಅದನ್ನು ಪೂರ್ತಿಗೊಳಿಸಿ ಹೂತಿಡುತ್ತಾನೆ. ದೇವದೂತನಾಗಿ ಸ್ಮಿತ್‌ಗೆ ಕಾಣಿಸಿದವನು ಇವನೇ.

ಅಮೆರಿಕದ ನೆಲವೂ ಪುಣ್ಯಭೂಮಿಯೇ ಎಂಬ ಈ ಮಾತು ಹೊಸ ದೇಶದ ಜನರಿಗೆ ಎಷ್ಟು ಹತ್ತಿರವಾಗಿ ಕೇಳಿಸಿರಬೇಕೆಂದು ಊಹಿಸಬಹುದು. ಆದರೆ ಪುರಾತತ್ವಜ್ಞರು ಇದನ್ನು ಚರಿತ್ರೆಯೆಂದು ಒಪ್ಪುವುದಿಲ್ಲ. ಗ್ರಂಥದಲ್ಲಿ ಬರುವ ಕುದುರೆ, ಉಕ್ಕು, ರಥ ಇವು ಆ ಕಾಲದ ಅಮೆರಿಕದಲ್ಲಿ ಇದ್ದುದಕ್ಕೆ ಆಧಾರವಿಲ್ಲ. ಅಲ್ಲಿನ ಮೂಲನಿವಾಸಿಗಳ ಪೂರ್ವಜರು ಏಷ್ಯಾದಿಂದ ಬಂದವರೆಂದು ವಂಶವಾಹಿ ಪರೀಕ್ಷೆಗಳು ಹೇಳುತ್ತವೆ. ಅವರ ‘ಪ್ರಧಾನ ಪೂರ್ವಜರು’ ಲೀಹೈ ಸಂತತಿಯವರೆಂದು 1981ರ ಆವೃತ್ತಿಯ ಪೀಠಿಕೆ ಹೇಳುತ್ತಿತ್ತು. 2006ರಲ್ಲಿ ಅದನ್ನು ‘ಪೂರ್ವಜರಲ್ಲಿ ಕೆಲವರು’ ಎಂಬ ಅರ್ಥ ಬರುವಂತೆ ತಿದ್ದಲಾಯಿತು.

ಮುಗಿಯದ ಧರ್ಮಗ್ರಂಥ

ಮಾರ್ಮನ್ನರಿಗೆ ಇದೊಂದೇ ಗ್ರಂಥವಲ್ಲ. ಬೈಬಲ್ ಅವರಿಗೂ ಪವಿತ್ರ. ಸ್ಮಿತ್ ಮತ್ತು ಆತನ ಉತ್ತರಾಧಿಕಾರಿಗಳಿಗೆ ಬಂದ ದೈವವಾಣಿಗಳ ಸಂಗ್ರಹ ‘ಡಾಕ್ಟ್ರಿನ್ ಅಂಡ್ ಕವನೆಂಟ್ಸ್’ ಮೂರನೆಯದು. ಇದು ಮೊದಲು ಅಚ್ಚಾದದ್ದು 1835ರಲ್ಲಿ. ‘ಪರ್ಲ್ ಆಫ್ ಗ್ರೇಟ್ ಪ್ರೈಸ್’ ಎಂಬ ಚಿಕ್ಕ ಸಂಕಲನ ನಾಲ್ಕನೆಯದು.

ಇತರ ಕ್ರೈಸ್ತರಿಗೆ ಬೈಬಲಿನೊಂದಿಗೆ ಧರ್ಮಗ್ರಂಥ ಮುಗಿಯಿತು. ಮಾರ್ಮನ್ನರಿಗೆ ಅದು ಮುಗಿದಿಲ್ಲ. ದೇವರು ಹಿಂದೆ ಮಾತಾಡಿದಂತೆ ಇಂದೂ ಮಾತಾಡುತ್ತಾನೆ, ಚರ್ಚಿನ ಅಧ್ಯಕ್ಷನೇ ಜೀವಂತ ಪ್ರವಾದಿ ಎಂಬುದು ಅವರ ಮೂಲ ನಂಬಿಕೆ. ಈ ಧರ್ಮದ ಶಕ್ತಿಯೂ ಸಂಕಟವೂ ಇದೇ ಎಂಬುದನ್ನು ಅದರ ಚರಿತ್ರೆ ತೋರಿಸುತ್ತದೆ.

ಅವರ ಉಳಿದ ನಂಬಿಕೆಗಳಲ್ಲೂ ಹಲವು ರೂಢಿಯ ಕ್ರೈಸ್ತಮತಕ್ಕೆ ದೂರವಾದವು. ತಂದೆ, ಮಗ, ಪವಿತ್ರಾತ್ಮ ಒಂದೇ ತತ್ವದ ಮೂರು ರೂಪಗಳಲ್ಲ, ಬೇರೆ ಬೇರೆ ವ್ಯಕ್ತಿಗಳು. ತಂದೆಯಾದ ದೇವರಿಗೆ ಶರೀರವಿದೆ. ಮನುಷ್ಯಾತ್ಮಗಳು ಹುಟ್ಟುವ ಮೊದಲೇ ದೇವರ ಬಳಿ ಇದ್ದವು. ಮನುಷ್ಯ ಬೆಳೆಯುತ್ತ ಬೆಳೆಯುತ್ತ ದೈವತ್ವದತ್ತ ಸಾಗಬಲ್ಲ. ಸತ್ತ ಮೇಲೆ ಸೂರ್ಯ, ಚಂದ್ರ, ನಕ್ಷತ್ರಗಳ ಪ್ರಭೆಗೆ ಹೋಲಿಸಲಾದ ಮೂರು ಲೋಕಗಳಿವೆ. ಮಂದಿರದಲ್ಲಿ ನಡೆದ ಮದುವೆ ಸಾವಿನೊಂದಿಗೆ ಮುಗಿಯದೆ ಎಂದೆಂದಿಗೂ ನಿಲ್ಲುತ್ತದೆ. ಈ ಭಿನ್ನತೆಗಳ ಕಾರಣದಿಂದ ಮಾರ್ಮನ್ ದೀಕ್ಷಾಸ್ನಾನ ತನಗೆ ಮಾನ್ಯವಲ್ಲವೆಂದು ವ್ಯಾಟಿಕನ್ 2001ರಲ್ಲಿ ಸಾರಿತು. ಮಾರ್ಮನ್ನರು ಮಾತ್ರ ತಾವು ಕ್ರೈಸ್ತರೇ ಎಂದು ಒತ್ತಿ ಹೇಳುತ್ತಾರೆ.

ನಮ್ಮಲ್ಲಿ ಪಿತೃಪಕ್ಷದಲ್ಲಿ ಗತಿಸಿದವರಿಗೆ ತರ್ಪಣ ಬಿಡುತ್ತೇವೆ. ಮಾರ್ಮನ್ನರೂ ಗತಿಸಿದ ಹಿರಿಯರ ಸದ್ಗತಿಗಾಗಿ ಬದುಕಿರುವವರಿಗೆ ಅವರ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಹೆಸರು ಗೊತ್ತಿಲ್ಲದೆ ಇದು ಸಾಧ್ಯವಿಲ್ಲವಷ್ಟೆ? ಅದಕ್ಕಾಗಿಯೇ ಜಗತ್ತಿನ ದೇಶದೇಶಗಳ ವಂಶಾವಳಿಗಳನ್ನು ಚರ್ಚು ಕಲೆಹಾಕಿದೆ. ಹರಿದ್ವಾರದ ಪಂಡರ ಬಳಿಯ ವಹಿಗಳೂ ಮೈಕ್ರೋಫಿಲಂ ಆಗಿ ಅವರ ಸಂಗ್ರಹ ಸೇರಿವೆ. ಆದರೆ ಈ ಆಚರಣೆ ವಿವಾದವನ್ನೂ ತಂದಿದೆ. ನಾಜಿಗಳು ಕೊಂದ ಯಹೂದಿಗಳ ಹೆಸರಿನಲ್ಲಿ ದೀಕ್ಷೆ ನಡೆದದ್ದು ತಿಳಿದು ಯಹೂದಿ ಸಂಘಟನೆಗಳು ಪ್ರತಿಭಟಿಸಿದವು. ಅದನ್ನು ನಿಲ್ಲಿಸಲು 1995ರಲ್ಲಿ ಚರ್ಚು ಒಪ್ಪಿತು. ಗಾಂಧೀಜಿಯವರ ಹೆಸರಿನಲ್ಲೂ ದೀಕ್ಷೆ ನಡೆದಿತ್ತೆಂದು 2012ರಲ್ಲಿ ಪತ್ರಿಕೆಗಳು ವರದಿ ಮಾಡಿದವು.

ದಿನನಿತ್ಯದ ಬದುಕಿನಲ್ಲಿ ನಿಯಮ ಕಟ್ಟುನಿಟ್ಟು. 1833ರ ದೈವವಾಣಿಯೊಂದರ ಪ್ರಕಾರ ಮದ್ಯ, ಹೊಗೆಸೊಪ್ಪು ನಿಷಿದ್ಧ. ಅದರಲ್ಲಿ ಹೇಳಿದ ‘ಬಿಸಿ ಪಾನೀಯ’ ಎಂದರೆ ಕಾಫಿ, ಚಹಾ ಎಂದು ಅರ್ಥೈಸಲಾಗಿದೆ. ಬೆಳಗಿನ ಕಾಫಿಯಿಲ್ಲದೆ ದಿನ ಶುರುವಾಗದ ನಮ್ಮವರಿಗೆ ಈ ವ್ರತ ಕಷ್ಟವೆನಿಸಬಹುದು! ಆದಾಯದ ಹತ್ತನೆಯ ಒಂದು ಭಾಗ ಚರ್ಚಿಗೆ ಸಲ್ಲಬೇಕು. ಸ್ಥಳೀಯ ಸಭೆಗಳನ್ನು ನಡೆಸುವವರಿಗೆ ಸಂಬಳವಿಲ್ಲ. ಪ್ರಭುಭೋಜನದ ವಿಧಿಯಲ್ಲಿ ದ್ರಾಕ್ಷಾರಸದ ಬದಲು ನೀರು ಕೊಡುತ್ತಾರೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಫಲಕ ಧರಿಸಿ ಜೋಡಿಯಾಗಿ ಮನೆಮನೆಗೆ ಹೋಗುವ ತರುಣರು ಎರಡು ವರ್ಷ ಹೀಗೆ ಧರ್ಮಪ್ರಚಾರ ಮಾಡುತ್ತಾರೆ. ಯುವತಿಯರ ಅವಧಿ ಒಂದೂವರೆ ವರ್ಷ.

ಒಂದು ಪತ್ರಿಕೆ, ಒಂದು ಕೊಲೆ

ಮೊದಲಿನಿಂದಲೂ ಮಾರ್ಮನ್ನರಿಗೆ ನೆಲೆಯೆಂಬುದು ದಕ್ಕಲಿಲ್ಲ. ನ್ಯೂಯಾರ್ಕ್‌ನಿಂದ ಒಹಾಯೊ, ಅಲ್ಲಿಂದ ಮಿಸೌರಿ. ಗುಂಪಾಗಿ ಬಂದು ನೆಲ ಕೊಂಡು, ಗುಂಪಾಗಿ ಮತ ಹಾಕುವ ಇವರನ್ನು ಕಂಡರೆ ಸ್ಥಳೀಯರಿಗೆ ಭಯ. ಮಾರ್ಮನ್ನರನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದು ಮಿಸೌರಿ ಗವರ್ನರ್ ಬಾಗ್ಸ್ 1838ರ ಅಕ್ಟೋಬರ್ 27ರಂದು ಲಿಖಿತ ಆಜ್ಞೆ ಹೊರಡಿಸಿದ. ಮೂರೇ ದಿನಗಳಲ್ಲಿ ಒಂದು ಹಳ್ಳಿಯಲ್ಲಿ 17 ಮಂದಿ ಹತರಾದರು. ಆ ಆಜ್ಞೆಯನ್ನು ಅಧಿಕೃತವಾಗಿ ರದ್ದುಪಡಿಸಿದ್ದು 1976ರಲ್ಲಿ!

ಇಲಿನಾಯ್ಸ್ ರಾಜ್ಯದ ನಾವೂ ಎಂಬಲ್ಲಿ ಮತ್ತೆ ಊರು ಕಟ್ಟಿದರು. ಸ್ಮಿತ್ ಪ್ರವಾದಿ ಮಾತ್ರವಲ್ಲ, ನಗರದ ಮೇಯರ್, ಅದರ ಸೇನೆಯ ದಂಡನಾಯಕ. 1844ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೂ ಅಭ್ಯರ್ಥಿಯಾದ. ಅಷ್ಟರಲ್ಲಿ ಗುಟ್ಟಾಗಿ ಬಹುಪತ್ನಿತ್ವವನ್ನೂ ಆರಂಭಿಸಿದ್ದ. ಇದನ್ನು ವಿರೋಧಿಸಿದ ಒಂದು ಕಾಲದ ಆಪ್ತರೇ 1844ರ ಜೂನ್ 7ರಂದು ‘ನಾವೂ ಎಕ್ಸ್‌ಪೊಸಿಟರ್’ ಎಂಬ ಪತ್ರಿಕೆ ಹೊರಡಿಸಿ ಎಲ್ಲವನ್ನೂ ಬಯಲಿಗೆಳೆದರು. ಮೂರು ದಿನಗಳ ಬಳಿಕ ಮೇಯರ್ ಸ್ಮಿತ್ ಮತ್ತು ನಗರಸಭೆಯ ಆಜ್ಞೆಯಂತೆ ಅದರ ಮುದ್ರಣಯಂತ್ರವನ್ನು ಒಡೆದುಹಾಕಲಾಯಿತು. ಪತ್ರಿಕೆಯ ಮೊದಲ ಸಂಚಿಕೆಯೇ ಕೊನೆಯದಾಯಿತು. ಮುದ್ರಣಯಂತ್ರದಿಂದ ತನ್ನ ಗ್ರಂಥವನ್ನು ಪಡೆದ ಪ್ರವಾದಿ ಮತ್ತೊಬ್ಬರ ಮುದ್ರಣಯಂತ್ರವನ್ನು ಸಹಿಸಲಿಲ್ಲ. ಈ ಪ್ರಕರಣದಿಂದಲೇ ಸ್ಮಿತ್ ಕಾರ್ಥೇಜ್ ಊರಿನ ಸೆರೆಮನೆ ಸೇರಬೇಕಾಯಿತು. ಜೂನ್ 27ರಂದು ಮುಖಕ್ಕೆ ಮಸಿ ಬಳಿದುಕೊಂಡು ಬಂದ ಗುಂಪು ಸೆರೆಮನೆಗೆ ನುಗ್ಗಿ ಆತನನ್ನೂ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಆಗ ಸ್ಮಿತ್‌ಗೆ 38 ವರ್ಷ.

ಚರ್ಚು ಹಲವು ಕವಲಾಯಿತು. ದೊಡ್ಡ ಗುಂಪು ಬ್ರಿಗಂ ಯಂಗ್ ನಾಯಕತ್ವದಲ್ಲಿ 1846ರಲ್ಲಿ ಪಶ್ಚಿಮಕ್ಕೆ ಹೊರಟು, ಮರುವರ್ಷದ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿತು. ಮರಳುಗಾಡಿನಲ್ಲಿ ಕಾಲುವೆ ತೋಡಿ ಊರು ಕಟ್ಟಿದರು. 1869ರಲ್ಲಿ ರೈಲು ಬರುವವರೆಗೆ ಸುಮಾರು 70 ಸಾವಿರ ಜನ ಈ ದಾರಿಯನ್ನು ಸವೆಸಿದರು. ಎತ್ತಿನ ಗಾಡಿಗೂ ಗತಿಯಿಲ್ಲದೆ ಕೈಗಾಡಿ ಎಳೆಯುತ್ತ ಹೊರಟ 1856ರ ಎರಡು ತಂಡಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಹಿಮಕ್ಕೆ, ಹಸಿವಿಗೆ ಬಲಿಯಾದರು. ಕಷ್ಟ ಉಂಡವರು ಕಷ್ಟ ಕೊಟ್ಟದ್ದೂ ಉಂಟು. 1857ರ ಸೆಪ್ಟೆಂಬರ್ 11ರಂದು ಮೌಂಟನ್ ಮೆಡೋಸ್ ಎಂಬಲ್ಲಿ ಮಾರ್ಮನ್ ದಂಡಿನವರು ದಾರಿಹೋಕ ವಲಸೆಗಾರರ ತಂಡವೊಂದರ ಸುಮಾರು 120 ಜನರನ್ನು ಕೊಂದರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ದೇವರು ಮನಸ್ಸು ಬದಲಿಸಿದಾಗ

ಬಹುಪತ್ನಿತ್ವ ದೇವರ ಆಜ್ಞೆಯೆಂದು ಚರ್ಚು 1852ರಲ್ಲಿ ಬಹಿರಂಗವಾಗಿ ಸಾರಿತು. ಅಮೆರಿಕ ಸರ್ಕಾರ ಒಂದರ ಮೇಲೊಂದು ಕಾಯ್ದೆ ತಂದಿತು. ನಂಬಿಕೆಗೆ ಸ್ವಾತಂತ್ರ್ಯವಿದೆ, ಆದರೆ ಅದರ ಹೆಸರಿನಲ್ಲಿ ಕಾನೂನು ಮುರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1879ರಲ್ಲಿ ತೀರ್ಪಿತ್ತಿತು. 1887ರ ಕಾಯ್ದೆ ಚರ್ಚಿನ ಆಸ್ತಿಗೇ ಕೈಹಾಕಿತು. 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಘೋಷಣೆ ಹೊರಡಿಸಿ, ಇನ್ನು ಇಂಥ ಮದುವೆ ಬೇಡವೆಂದ. ಆರು ವರ್ಷಕ್ಕೆ ಯೂಟಾ ರಾಜ್ಯವಾಯಿತು. ಇಂದು ಬಹುಪತ್ನಿತ್ವ ನಡೆಸುವವರನ್ನು ಚರ್ಚು ಹೊರಹಾಕುತ್ತದೆ. ಅಲ್ಲಲ್ಲಿ ಅದನ್ನು ಉಳಿಸಿಕೊಂಡಿರುವ ಪಂಥಗಳಿಗೂ ಮುಖ್ಯ ಚರ್ಚಿಗೂ ಸಂಬಂಧವಿಲ್ಲ.

ಎರಡನೆಯ ತಿರುವು 1978ರದು. ಅರ್ಹ ಗಂಡಸರೆಲ್ಲರಿಗೂ ಯಾಜಕತ್ವ ಕೊಡುವ ಈ ಚರ್ಚು, 1850ರ ದಶಕದಿಂದ ಕರಿಯರಿಗೆ ಮಾತ್ರ ಅದನ್ನು ನಿರಾಕರಿಸಿತ್ತು. ಸ್ಮಿತ್ ಕಾಲದಲ್ಲಿ, 1836ರಲ್ಲಿ, ಎಲೈಜಾ ಏಬಲ್ ಎಂಬ ಕರಿಯನಿಗೆ ಯಾಜಕತ್ವ ಸಿಕ್ಕಿದ್ದೂ ಮರೆತುಹೋಗಿತ್ತು. ಮಿಶ್ರ ವರ್ಣದವರೇ ತುಂಬಿದ ಬ್ರೆಜಿಲ್‌ನಲ್ಲಿ ಮಂದಿರ ಕಟ್ಟುತ್ತಿದ್ದಾಗ, ಅದರೊಳಗೆ ಬಿಡುವುದು ಯಾರನ್ನು ಎಂಬ ಪ್ರಶ್ನೆ ಎದುರಾಯಿತು. 1978ರ ಜೂನ್‌ನಲ್ಲಿ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ದೈವವಾಣಿಯಾಗಿದೆ ಎಂದು ತಿಳಿಸಿ ನಿರ್ಬಂಧವನ್ನು ತೆಗೆದುಹಾಕಿದ. ಮಹಿಳೆಯರಿಗೆ ಇಂದಿಗೂ ಯಾಜಕತ್ವವಿಲ್ಲ.

ಕಾಲದ ಒತ್ತಡಕ್ಕೆ ಮಣಿದು ದೇವರ ಹೆಸರು ಹೇಳಿದರು ಎಂದು ಟೀಕಾಕಾರರು ನಗುತ್ತಾರೆ. ಕಾಲಕ್ಕೆ ತಕ್ಕ ಮಾರ್ಗ ತೋರಿಸಲೆಂದೇ ಜೀವಂತ ಪ್ರವಾದಿ ಇರುವುದು ಎಂದು ಭಕ್ತರು ಉತ್ತರಿಸುತ್ತಾರೆ. ಆದರೆ ನಿರ್ಬಂಧವಿದ್ದ ಶತಮಾನಕ್ಕೂ ಹೆಚ್ಚು ಕಾಲ ಬಾಗಿಲಲ್ಲಿ ಕಾದು ಸತ್ತವರಿಗೆ ಈ ಉತ್ತರ ಸಾಕೇ?

ಹಿಂಬಾಲಿಸುವ ಚರಿತ್ರೆ

ದಾಖಲೆಗಳು ಈ ಧರ್ಮದ ಬೆನ್ನು ಬಿಟ್ಟಿಲ್ಲ. 1835ರಲ್ಲಿ ಸ್ಮಿತ್ ಮತ್ತು ಸಂಗಡಿಗರು ಈಜಿಪ್ಟಿನ ಮಮ್ಮಿಗಳನ್ನೂ ಪಪೈರಸ್ ಸುರುಳಿಗಳನ್ನೂ ಕೊಂಡಿದ್ದರು. ಅವುಗಳ ಅನುವಾದವೆಂದು ಸ್ಮಿತ್ ಕೊಟ್ಟದ್ದು ‘ಅಬ್ರಹಾಮನ ಗ್ರಂಥ’. ಕಳೆದುಹೋದವೆಂದು ತಿಳಿದಿದ್ದ ಸುರುಳಿಗಳ ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕು, 1967ರಲ್ಲಿ ಚರ್ಚಿನ ಕೈಸೇರಿದವು. ಪಂಡಿತರು ಓದಿ ನೋಡಿದರೆ ಅವು ಶವಸಂಸ್ಕಾರದ ಮಂತ್ರಗಳು! 1980ರ ದಶಕದಲ್ಲಿ ಮಾರ್ಕ್ ಹಾಫ್‌ಮನ್ ಎಂಬಾತ ಆರಂಭಕಾಲದ ಪತ್ರಗಳನ್ನು ನಕಲಿಯಾಗಿ ಸೃಷ್ಟಿಸಿ ಚರ್ಚಿಗೇ ಮಾರಿದ. ಗುಟ್ಟು ರಟ್ಟಾಗುವ ಭಯದಿಂದ 1985ರಲ್ಲಿ ಬಾಂಬಿಟ್ಟು ಇಬ್ಬರನ್ನು ಕೊಂದ. ತನ್ನ ಚರಿತ್ರೆಯ ಬಗ್ಗೆ ಚರ್ಚಿಗಿದ್ದ ಅಳುಕನ್ನೇ ಆತ ಬಂಡವಾಳ ಮಾಡಿಕೊಂಡಿದ್ದ. 1993ರಲ್ಲಿ ಚರಿತ್ರೆಯ ಬಗ್ಗೆ, ಸ್ತ್ರೀಯರ ಸ್ಥಾನದ ಬಗ್ಗೆ ಬರೆದ, ಮಾತಾಡಿದ ಆರು ಮಂದಿಯ ಮೇಲೆ ಚರ್ಚು ಶಿಸ್ತು ಕ್ರಮ ಕೈಗೊಂಡಿತು.

ಇಪ್ಪತ್ತು ವರ್ಷಗಳ ಬಳಿಕ ಧೋರಣೆ ಬದಲಾಯಿತು. 2013ರಿಂದ ಚರ್ಚು ತಾನೇ ಸರಣಿ ಪ್ರಬಂಧಗಳನ್ನು ಪ್ರಕಟಿಸಿ, ಟೋಪಿಯೊಳಗಿನ ಕಲ್ಲು, ಪಪೈರಸ್‌ನ ನಿಜ, ಕರಿಯರ ಕುರಿತ ಹಳೆಯ ವಾದಗಳ ತಪ್ಪು ಇವನ್ನು ಒಪ್ಪಿಕೊಂಡಿತು. ಸ್ಮಿತ್‌ಗೆ 30ರಿಂದ 40 ಮಂದಿ ಪತ್ನಿಯರಿದ್ದಿರಬಹುದೆಂಬ ಅಂದಾಜನ್ನೂ ಮುಚ್ಚಿಡಲಿಲ್ಲ. 2015ರಲ್ಲಿ ಆ ಕಲ್ಲಿನ ಚಿತ್ರವನ್ನೇ ಅಚ್ಚುಹಾಕಿಸಿತು. ಕೆಲವರಿಗೆ ಇದು ಆಘಾತವಾಗಿ ಚರ್ಚು ಬಿಟ್ಟರು. ಸತ್ಯ ತಿಳಿದೂ ಉಳಿದವರು ಇನ್ನೂ ಅನೇಕರು. ಸದಸ್ಯರ ಸಂಖ್ಯೆ 1 ಕೋಟಿ 70 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಮೆರಿಕದ ಹೊರಗಿನವರು ಎಂದು ಚರ್ಚು ಹೇಳುತ್ತದೆ.

ಭಾರತಕ್ಕೆ ಅವರು ಹೊಸಬರಲ್ಲ. 1850ರ ದಶಕದ ಮೊದಲಲ್ಲೇ ಕಲ್ಕತ್ತಾ, ಮುಂಬಯಿಗಳಿಗೆ ಪ್ರಚಾರಕರು ಬಂದಿದ್ದರು. 1853ರಲ್ಲಿ ಮದ್ರಾಸಿಗೆ ಬಂದ ರಿಚರ್ಡ್ ಬ್ಯಾಲಂಟೈನ್ ಹೆಚ್ಚು ಫಲ ಕಾಣದೆ ಮರುವರ್ಷ ಹಿಂದಿರುಗಿದ. 1993ರಲ್ಲಿ ಬೆಂಗಳೂರು ಚರ್ಚಿನ ಪ್ರಚಾರಕಾರ್ಯದ ಕೇಂದ್ರವಾಯಿತು. ಭಾರತದ ಮೊದಲ ಮಾರ್ಮನ್ ಮಂದಿರವನ್ನು ಇಲ್ಲಿಯೇ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆಯೂ ನಡೆಯಿತು.

ಪಾಲ್ಮೈರಾದ ಆ ಮುದ್ರಣಾಲಯದ ಕಟ್ಟಡವನ್ನು ಈಗ ಚರ್ಚು ಸ್ಮಾರಕವಾಗಿ ಕಾಪಾಡಿಕೊಂಡಿದೆ. ಮೊದಲ ಆವೃತ್ತಿಯ ಮುಖಪುಟದಲ್ಲಿ ಸ್ಮಿತ್ ಹೆಸರಿನ ಮುಂದೆ ‘ಕರ್ತೃ ಮತ್ತು ಮಾಲೀಕ’ ಎಂದಿತ್ತು. ಹಕ್ಕುಸ್ವಾಮ್ಯ ಕಾನೂನಿಗಾಗಿ ಹಾಗೆ ಬರೆದದ್ದು ಎಂಬುದು ಚರ್ಚಿನ ವಿವರಣೆ. ಮುಂದಿನ ಆವೃತ್ತಿಗಳಲ್ಲಿ ಅದು ‘ಅನುವಾದಕ’ ಎಂದಾಯಿತು. ಸ್ಮಿತ್ ಕರ್ತೃವೇ, ಅನುವಾದಕನೇ? ಎರಡು ಶತಮಾನದ ವಾದವೆಲ್ಲ ಈ ಎರಡು ಪದಗಳ ನಡುವೆಯೇ ನಡೆದಿದೆ. ದಾಖಲೆಗಳು ಹೇಳಬೇಕಾದ್ದನ್ನು ಬಹುಮಟ್ಟಿಗೆ ಹೇಳಿಯಾಗಿದೆ. ಅವನ್ನು ಓದಿದ ಮೇಲೂ ನಂಬುವವರಿದ್ದಾರೆ, ಓದಿ ಎದ್ದುಹೋದವರಿದ್ದಾರೆ. ಮುಚ್ಚಿಟ್ಟದ್ದನ್ನು ನಂಬುವುದಕ್ಕಿಂತ ತಿಳಿದು ನಂಬುವುದು ಕಷ್ಟ. ಆ ಕಷ್ಟವನ್ನು ತನ್ನ ಜನರ ಮುಂದಿಡಲು ಈ ಚರ್ಚಿಗೆ ನೂರೆಂಬತ್ತು ವರ್ಷ ಹಿಡಿಯಿತು.